ಬಿಳಿ ಗಾಡಿಯ ಡೈನಮೋ

ಅಲೆಕ್ಸಾಂಡ್ರಿಯಾ
17 ಸೆಪ್ಟೆಂಬರ್ 1978

ಅಪ್ಪನಿಗೆ ವಿದಾದ್ ಮಾಡುವ ಸಲಾಂ.

ಈ ಕಾಗದವನ್ನು ಒಡೆಯದೆಯೇ ಒಲೆಗೆ ಹಾಕಿಬಿಡುತ್ತೀರೆಂದು ಹೆದರಿ ಲಕೋಟೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಡೈನಮೋ ವಿಚಾರ’ ಎಂದು ಬರೆದಿದ್ದೇನೆ. ಮಗಳ ಕಾಗದವನ್ನು ನೀವು ಸುಡಬಲ್ಲಿರಿ, ಕೆಟ್ಟ ಡೈನಮೋದ ಸುದ್ದಿಯನ್ನು ಸುಡುವವರಲ್ಲ.

ನಿಮ್ಮ ಅಳಿಯ ಹಸನೈನನ ಸೋದರಮಾವ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲವಾಗಿ ಅವರ ಗಾಡಿ ನಮ್ಮ ಪಾಲಿಗೆ ಬಂತು. ಅಮೆರಿಕದ್ದು, 1948ರದು, ಬಿಳಿ ಬಣ್ಣ, ಮೇಲಿನ ಹೊದಿಕೆಯನ್ನು ಹಿಂದಕ್ಕೆ ಮಡಚಿಡುವಂಥದು. ಆರು ವೋಲ್ಟಿನ ಬ್ಯಾಟರಿ. ಹಸನೈನ್ ಅದರಲ್ಲಿ ಜನರನ್ನು ಕೂರಿಸಿಕೊಂಡು ಸಮುದ್ರದ ದಂಡೆಯ ರಸ್ತೆಯಲ್ಲಿ ಬಾಡಿಗೆಗೆ ಓಡಾಡಿಸುತ್ತಾನೆ. ಈಗ ನಮ್ಮ ಊಟ ಅದರಿಂದಲೇ. ಆದರೆ ಬ್ಯಾಟರಿ ನಿಲ್ಲುತ್ತಿಲ್ಲ. ಸಂಜೆ ತುಂಬಿಸಿಕೊಂಡು ಹೊರಟರೆ ರಾತ್ರಿಯೊಳಗೆ ದೀಪ ಮಂಕಾಗಿ, ಹಾರ್ನಿನ ಗಂಟಲು ಕಟ್ಟಿ, ಕೊನೆಗೆ ಯಾರಾದರೂ ತಳ್ಳಿಕೊಂಡು ಮನೆಗೆ ತರಬೇಕಾಗುತ್ತದೆ. ಇಲ್ಲಿಯ ರಿಪೇರಿಯವನು, “ಮ್ಯೂಸಿಯಮ್ಮಿಗೆ ಕೊಡಮ್ಮ ಇದನ್ನ, ನಂಗ್ಯಾಕೆ ತೋರಿಸ್ತೀಯ?” ಎಂದು ನಕ್ಕ. ತಾಂತಾದ ಡೈನಮೋ ಮೇಸ್ತ್ರಿ ಉಸ್ತಾ ದಸೂಕಿಯ ಮಗಳು ನಾನು ಎಂದು ಅವನಿಗೆ ಹೇಳಲಿಲ್ಲ. ಹೇಳಿದ್ದರೆ, ಹಾಗಾದರೆ ನಿಮ್ಮಪ್ಪನನ್ನೇ ಕೇಳು ಎನ್ನುತ್ತಿದ್ದ.

ಅದಕ್ಕೇ ಕೇಳುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಅಮ್ಮನ ಕಾಲಿನ ಊತ ಇಳಿಯಿತೇ?

ನಿಮ್ಮ ಮಗಳು,
ವಿದಾದ್


ತಾಂತಾ
24 ಸೆಪ್ಟೆಂಬರ್ 1978

ವಿದಾದ್,

ಕಾಗದ ತಲುಪಿತು. ಕಳೆದ ವರ್ಷ ನಾನು ಆಣೆಯಿಟ್ಟದ್ದು ನೀನು, ನಿನ್ನ ಅಮ್ಮ, ಒಂದು ಸೂರು, ಈ ಮೂರರ ಬಗ್ಗೆ. ಅಂಚೆಯ ಮಾತು ಅದರಲ್ಲಿ ಬಂದಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡು. ಸಡಿಲವಿದ್ದರೆ ಬಿಗಿ ಮಾಡು. ಆಮೇಲೂ ಸರಿಹೋಗದಿದ್ದರೆ ಡೈನಮೋವನ್ನು ಕೆಳಗಿಳಿಸಿ ಬಿಚ್ಚು. ಬ್ರಷ್‌ಗಳು ಸವೆದಿವೆಯೇ, ತಮ್ಮ ಗೂಡಿನಲ್ಲಿ ಸಲೀಸಾಗಿ ಜಾರುತ್ತವೆಯೇ ನೋಡು. ಒಳಗೆ ತಿರುಗುವ ಆರ್ಮೇಚರಿನ ತುದಿಯ ತಾಮ್ರದ ಪಟ್ಟಿಗಳು ಕಪ್ಪಾಗಿದ್ದರೆ ಸಣ್ಣ ಉಪ್ಪುಕಾಗದದಲ್ಲಿ ಉಜ್ಜು. ಕಪ್ಪು ಎಮೆರಿ ಕಾಗದ ಮುಟ್ಟಿದೆಯೋ, ನೀನು ನನ್ನ ಅಂಗಡಿಯಲ್ಲಿ ಬೆಳೆದವಳೇ ಅಲ್ಲ. ಅದರ ಪುಡಿ ಪಟ್ಟಿಯಿಂದ ಪಟ್ಟಿಗೆ ಕರೆಂಟು ದಾಟಿಸುತ್ತದೆ. ಪಟ್ಟಿಗಳ ನಡುವಿನ ಅಭ್ರಕ ಮೇಲೆದ್ದಿದ್ದರೆ ಗರಗಸದ ಬ್ಲೇಡಿನ ತುಂಡಿನಿಂದ ಕೆರೆದು ತಗ್ಗಿಸು. ಹತ್ತು ವರ್ಷದವಳಿದ್ದಾಗ ಈ ಕೆಲಸವನ್ನು ನನ್ನ ಆಳುಗಳಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ಈಗ ನಿನ್ನ ಬೆರಳು ದಪ್ಪಗಾಗಿವೆಯೋ ಏನೋ, ಗೊತ್ತಿಲ್ಲ.

ನಿನ್ನ ಅಮ್ಮ ಬೆನ್ನ ಹಿಂದೆ ಕೂತು, “ನನ್ನ ಕಾಲು ಚೆನ್ನಾಗಿದೆ ಅಂತ ಬರೀರಿ” ಎನ್ನುತ್ತಿದ್ದಾಳೆ. ಚೆನ್ನಾಗಿಲ್ಲ. ಹೃದಯ ಸೋತಿದೆ, ಅದಕ್ಕೇ ನೀರು ಕಾಲಿಗೆ ಇಳಿಯುತ್ತಿದೆ ಎಂದರು ಡಾಕ್ಟರು. ಅವಳ ಮಾತನ್ನೂ ಬರೆದಿದ್ದೇನೆ, ನನ್ನದನ್ನೂ ಬರೆದಿದ್ದೇನೆ.

ದಸೂಕಿ


ಅಲೆಕ್ಸಾಂಡ್ರಿಯಾ
8 ಅಕ್ಟೋಬರ್ 1978

ಅಪ್ಪ,

ಬೆಲ್ಟು ಸರಿಯಿತ್ತು. ಬಿಚ್ಚಿದೆ. ಒಂದು ಬ್ರಷ್ ಗೂಡಿನಲ್ಲಿ ಕಚ್ಚಿಕೊಂಡಿತ್ತು. ಅಭ್ರಕವನ್ನೆಲ್ಲ ತಗ್ಗಿಸಿದೆ, ಬೆರಳು ಇನ್ನೂ ಸಣ್ಣಗೇ ಇವೆ. ಆದರೆ ಎರಡು ಪಟ್ಟಿಗಳು ಸುಟ್ಟಿವೆ, ಅವುಗಳ ಬೆಸುಗೆ ಕರಗಿ ಡೈನಮೋದ ಒಳಗೋಡೆಗೆ ಸಿಡಿದಿದೆ. ಆ ತಂತಿ ತುಂಡಾಗಿದೆಯೆಂದು ನನ್ನ ಅನುಮಾನ.

ಇನ್ನು ನೀವು ಎತ್ತದ ಮಾತನ್ನು ನಾನು ಎತ್ತುತ್ತೇನೆ. ಕಳೆದ ವರ್ಷ ಹಸನೈನ್ ಗಿರಣಿಯ ಕೆಲಸ ಬಿಟ್ಟು ಮತ್ತೆ ಮದುವೆ ಬ್ಯಾಂಡಿನ ತುತ್ತೂರಿ ಹಿಡಿದನೆಂದು ನಿಮಗೆ ಸಿಟ್ಟು ಬಂತು. ತುತ್ತೂರಿ ಊದುವುದಿಲ್ಲವೆಂದು ಅವನು ಮಾತು ಕೊಟ್ಟಿದ್ದ, ಅದನ್ನು ನಂಬಿ ನೀವು ನೆಂಟರ ಮುಂದೆ ಹೊಣೆ ಹೊತ್ತಿದ್ದಿರಿ, ನಿಜ. ಆದರೆ ನೀವು ಅಮ್ಮನ ಕಡೆ ತಿರುಗಿ, “ಇವಳೂ ನೀನೂ ಇನ್ನು ಒಂದೇ ಸೂರಿನ ಕೆಳಗೆ ಕೂತ್ರೆ ನಿಂಗೆ ತಲಾಖ್! ಮೂರು ಸಲ ತಲಾಖ್!” ಎಂದಿರಿ. ತಪ್ಪು ಹಸನೈನನದು, ಸಿಟ್ಟು ನನ್ನ ಮೇಲೆ, ಶಿಕ್ಷೆ ಅಮ್ಮನಿಗೆ.

ನಮ್ಮ ಮಸೀದಿಯ ಶೇಖ್‌ರನ್ನು ಕೇಳಿದೆ. ಸಿಟ್ಟಿನಲ್ಲಿ ಇಟ್ಟ ಇಂಥ ಆಣೆಗೆ ಹತ್ತು ಜನ ಬಡವರಿಗೆ ಊಟ ಹಾಕಿದರೆ ಸಾಕು, ಬಿಡುಗಡೆ ಇದೆ ಎಂದರು. ಊಟವನ್ನು ನಾನೇ ಅಡುಗೆ ಮಾಡಿ ಹಾಕುತ್ತೇನೆ.

ಹಬ್ಬದ ದಿನ ರೈಲಿನಲ್ಲಿ ಬಂದು ಓಣಿಯಲ್ಲಿ ನಿಂತದ್ದು ನಿಮಗೆ ಗೊತ್ತು, ನೀವು ಅಂಗಡಿಯ ಬಾಗಿಲು ಎಳೆದುಕೊಂಡಿರಿ. ಅಮ್ಮ ಮೂರನೇ ಮಹಡಿಯ ಕಿಟಕಿಯಿಂದ ಬುಟ್ಟಿಗೆ ಹಗ್ಗ ಕಟ್ಟಿ ಖರ್ಜೂರದ ಬಿಸ್ಕತ್ತು ಇಳಿಸಿದಳು. ಅವಳು ಮೇಲೆ ಅಳುತ್ತಿದ್ದಳು, ನಾನು ಕೆಳಗೆ. ಓಣಿಯ ಜನವೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಆಮೇಲೆ ಪಕ್ಕದ ಮನೆಯ ಉಮ್ಮ್ ರಮದಾನ್ ಕೈಲಿ ಅಮ್ಮ ಹೇಳಿ ಕಳಿಸಿದಳು: “ಹೀಗೆ ಬರ್ಬೇಡ ಕಣೇ, ನಂಗೆ ತಡ್ಕೊಳ್ಳಕ್ಕಾಗಲ್ಲ. ಗಾಡಿ ತಗೊಂಡ್ ಬಾ. ನನ್ನ ಒಂದ್ಸಲ ಕುರ್ಚಿ ಸಮೇತ ಕೆಳಗಿಳಿಸ್ತಾರೆ. ಕಾಲುವೆ ದಂಡೇಲಿ ಗಾಡಿ ನಿಲ್ಸಿ, ಕೂತು ಮಾತಾಡೋಣ.”

ಹೊದಿಕೆ ಮಡಚಿದ ಗಾಡಿಗೆ ಸೂರಿಲ್ಲ, ಅಪ್ಪ. ನಿಮ್ಮ ಆಣೆಯೂ ಉಳಿಯುತ್ತದೆ. ಈ ಡೈನಮೋ ಸರಿಹೋಗಬೇಕಾದದ್ದು ಬಾಡಿಗೆಗಾಗಿ ಮಾತ್ರವಲ್ಲ.

ವಿದಾದ್


ತಾಂತಾ
17 ಅಕ್ಟೋಬರ್ 1978

ವಿದಾದ್,

ಆರ್ಮೇಚರನ್ನು ಬಟ್ಟೆಯಲ್ಲಿ ಸುತ್ತಿ ತಾಂತಾ ಬಸ್ಸಿನ ಡ್ರೈವರ್ ಕೈಗೆ ಕೊಡು. ಬಸ್ ನಿಲ್ದಾಣದ ಚಹಾದವನು ನನ್ನವನು, ಇಳಿಸಿಕೊಳ್ಳುತ್ತಾನೆ. ಅಲ್ಲಿ ಯಾವನ ಕೈಗೂ ಸುತ್ತಲು ಕೊಡಬೇಡ. ಅಲೆಕ್ಸಾಂಡ್ರಿಯಾದವರು ತಂತಿ ಸುತ್ತುವುದು ಮೀನಿಗೆ ಬಲೆ ಹೆಣೆದ ಹಾಗೆ, ನಡುವೆ ಬೆರಳು ತೂರಿಸಬಹುದು.

ಶೇಖ್ ಬಿಟ್ಟುಬಿಡಿ ಅಂದರೆ ಬಿಟ್ಟುಬಿಡುವ ಮಾತಾದರೆ ಅದನ್ನು ಆಡಿದ್ದಾದರೂ ಯಾಕೆ? ನನ್ನ ಮಾತಿನ ಮೇಲೆ ಗಾಡಿ ಬಿಟ್ಟುಹೋಗುವವರು ಈ ಊರಲ್ಲಿದ್ದಾರೆ. ನಾಳೆ ಅವರು, ಉಸ್ತಾ ಹೆಂಡತಿಯ ಮೇಲೆ ಇಟ್ಟ ಆಣೆಯನ್ನು ಹತ್ತು ತಟ್ಟೆ ಅನ್ನಕ್ಕೆ ಮಾರಿಕೊಂಡ ಎಂದರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಹೊದಿಕೆಯ ಬಗ್ಗೆ ಬರೆದದ್ದನ್ನು ಓದಿದೆ. ನಿನ್ನ ಅಮ್ಮನಿಗೂ ಓದಿ ಹೇಳಿದೆ. ಅವಳು ಪೆಟ್ಟಿಗೆಯಿಂದ ಹೊರಗೆ ಹೋಗುವಾಗಿನ ಕಪ್ಪು ಉಡುಪನ್ನು ತೆಗೆಸಿ ಬಿಸಿಲಿಗೆ ಹಾಕಿಸಿದಳು.

ದಸೂಕಿ


ತಾಂತಾ
5 ನವೆಂಬರ್ 1978

ವಿದಾದ್,

ಆರ್ಮೇಚರ್ ಕಳಿಸಿದ್ದೇನೆ. ಪೂರ್ತಿ ಬಿಚ್ಚಿ ಹೊಸದಾಗಿ ಸುತ್ತಿದೆ, ವಾರ್ನಿಷ್ ಕುಡಿಸಿ ಒಣಗಿಸಿದೆ. ಈಗ ಕಣ್ಣು ಮೊದಲಿನಂತಿಲ್ಲ, ತಂತಿಯನ್ನು ಬೆರಳಿನಿಂದಲೇ ನೋಡುತ್ತೇನೆ. ನಿನ್ನ ಅಮ್ಮ ಅದನ್ನು ಮೇಲಕ್ಕೆ ತರಿಸಿಕೊಂಡು ಒಂದು ರಾತ್ರಿ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. “ವಿದಾದ್ ಮುಟ್ಟಿದ್ದು, ವಿದಾದ್ ಮುಟ್ಟೋದು,” ಎಂದಳು. ಹುಚ್ಚು. ಬಿಳಿ ಫ್ಲಾನೆಲ್ ಬಟ್ಟೆ ಸುತ್ತಿದವಳು ಅವಳೇ. ಜೊತೆಯಲ್ಲಿರುವ ಹುರಿಗಡಲೆಯೂ ಅವಳದು.

ಕೂಡಿಸಿ ಗಾಡಿಗೆ ಹಾಕಿದ ಮೇಲೆ ಅವಸರದಲ್ಲಿ ಎಂಜಿನ್ ಶುರು ಮಾಡಬೇಡ. ಬಿಚ್ಚಿ ಕಟ್ಟಿದ ಡೈನಮೋಗೆ ದಿಕ್ಕು ಮರೆತುಹೋಗಿರುತ್ತದೆ. ಡೈನಮೋವನ್ನು ಬ್ಯಾಟರಿಗೆ ಸೇರಿಸಿ ಬಿಡಿಸುವ ಕಟ್-ಔಟ್ ಡಬ್ಬಿಯಲ್ಲಿ ಬ್ಯಾಟರಿಯ ಕೊಂಡಿಗೂ ಆರ್ಮೇಚರಿನ ಕೊಂಡಿಗೂ ತುಂಡು ತಂತಿಯೊಂದನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ಮುಟ್ಟಿಸು. ಕಿಡಿ ಹಾರುತ್ತದೆ, ಹೆದರಬೇಡ. ಯಾವ ಕಡೆಗೆ ಕರೆಂಟು ಹರಿಸಬೇಕೆಂದು ಅದಕ್ಕೆ ಅಷ್ಟರಲ್ಲಿ ನೆನಪಾಗುತ್ತದೆ. ಆಮೇಲೆ ಶುರು ಮಾಡು. ಮೀಟರಿನ ಮುಳ್ಳು ಬಲಕ್ಕೆ ಹೋದರೆ ಬ್ಯಾಟರಿ ತುಂಬುತ್ತಿದೆ ಎಂದರ್ಥ, ನನಗೆ ಬರೆ, ಎಡಕ್ಕೇ ಕೂತರೂ ಬರೆ.

ದಸೂಕಿ


ಅಲೆಕ್ಸಾಂಡ್ರಿಯಾ
26 ನವೆಂಬರ್ 1978

ಅಪ್ಪ,

ಮುಳ್ಳು ಬಲಕ್ಕೆ ಹೋಯಿತು! ಹಸನೈನ್ ಎಕ್ಸಲರೇಟರ್ ಒತ್ತಿದ, ಮುಳ್ಳು ಮಲಗಿದ್ದ ಮಗು ಎದ್ದ ಹಾಗೆ ಎದ್ದು ಬಲಕ್ಕೆ ವಾಲಿತು. ನಾನು ಬೀದಿಯಲ್ಲೇ ಕೂಗಿಬಿಟ್ಟೆ. ಅದು ಶನಿವಾರ. ಬುಧವಾರದವರೆಗೆ ಎಲ್ಲ ಚೆನ್ನಾಗಿತ್ತು. ಬರುವ ಶುಕ್ರವಾರ ಹೊರಟೇಬಿಡೋಣ, ಅಮ್ಮನಿಗೆ ಯಾವ ಕಂಬಳಿ ತರಲಿ ಎಂದು ಯೋಚಿಸುತ್ತಿದ್ದೆ.

ಗುರುವಾರ ರಾತ್ರಿ ಕೆಲಸಕ್ಕೆ ಹೋದ ಗಾಡಿ ಮತ್ತೆ ತಳ್ಳಿಸಿಕೊಂಡು ಬಂತು. ಬ್ಯಾಟರಿಯಲ್ಲಿ ಒಂದು ಕಿಡಿಯೂ ಇರಲಿಲ್ಲ. ಬ್ಯಾಟರಿಯದೇ ದೋಷವಿರಬಹುದೆಂದು ಹೊಸದನ್ನು ತಂದೆವು. ಈ ಗುರುವಾರವೂ ಅದೇ ಕಥೆ. ಬೆಳಿಗ್ಗೆ ನಾನು ಪರೀಕ್ಷೆ ಮಾಡಿದರೆ ಮುಳ್ಳು ಬಲಕ್ಕೇ ಹೋಗುತ್ತದೆ. ನನ್ನ ಕಣ್ಣೆದುರಿಗೆ ಸಾಧುವಿನ ಹಾಗಿದ್ದು, ಕಣ್ಣು ತಪ್ಪಿದ ಕೂಡಲೇ ಕಳ್ಳತನ ಮಾಡುವ ಯಂತ್ರವಿದು. ಏನು ಮಾಡಲಿ?

ಅಮ್ಮನಿಗೆ ಹೇಳಿ, ಇನ್ನು ಸ್ವಲ್ಪ ದಿನ ಅಷ್ಟೇ.

ವಿದಾದ್


ತಾಂತಾ
6 ಡಿಸೆಂಬರ್ 1978

ವಿದಾದ್,

ತಣ್ಣಗಿರುವಾಗ ಸರಿ, ಕೆಲಸ ಮಾಡಿ ಮಾಡಿ ಬಿಸಿಯಾದಾಗ ಸತ್ತುಹೋಗುತ್ತದೆ. ಇಂಥದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಎಲ್ಲೋ ಒಂದು ಕಡೆ ತಂತಿ ಬಿರುಕು ಬಿಟ್ಟಿದೆ, ಬಿಸಿಗೆ ಹಿಗ್ಗಿ ಬಾಯಿ ತೆರೆಯುತ್ತದೆ. ನಾನು ಸುತ್ತಿದ ಆರ್ಮೇಚರಿನಲ್ಲಿ ಅದು ಇರಲಾರದು. ಹಾಗಿದ್ದರೆ ಡೈನಮೋದ ಒಳಗೋಡೆಯ ಸುರುಳಿಗಳಲ್ಲಿ ಇರಬೇಕು. ಅವನ್ನು ಕಳಚಿ, ಹಳೆಯ ಬಟ್ಟೆ ತೆಗೆದು, ಹೊಸ ಹತ್ತಿಪಟ್ಟಿ ಸುತ್ತಿ ಮತ್ತೆ ಹಾಕು. ಪ್ರತಿ ಬೆಸುಗೆಯನ್ನೂ ಎಳೆದು ನೋಡು.

ಅಲ್ಲಿಯವರೆಗೆ ಹೆದ್ದಾರಿಗೆ ಇಳಿಯಬೇಡ, ಇದು ನನ್ನ ಮಾತು. ಪಟ್ಟಣದಲ್ಲಿ ನಿಂತರೆ ತಳ್ಳುವವರು ಸಿಗುತ್ತಾರೆ. ಹೊಲಗಳ ನಡುವೆ ಗಾಡಿ ನಿಂತರೆ ಹಿಂದಿನಿಂದ ಬರುವ ಹತ್ತಿ ಲಾರಿಯವನಿಗೆ ದೀಪವಿಲ್ಲದ ನೀನು ಕಾಣುವುದೂ ಇಲ್ಲ.

ನಿನ್ನ ಅಮ್ಮ ರಾತ್ರಿ ಮಲಗುತ್ತಿಲ್ಲ, ದಿಂಬಿಗೆ ಒರಗಿ ಕೂತಿರುತ್ತಾಳೆ. ನಾನೂ ಕೂತಿರುತ್ತೇನೆ. ಡೈನಮೋದ ವಿಷಯ ಏನಾಯಿತು ಎಂದು ದಿನವೂ ಕೇಳುತ್ತಾಳೆ. ಈ ಮೂವತ್ತು ವರ್ಷಗಳಲ್ಲಿ ಒಂದು ದಿನವೂ ನನ್ನ ಕೆಲಸದ ಬಗ್ಗೆ ಕೇಳಿದವಳಲ್ಲ.

ದಸೂಕಿ


ಅಲೆಕ್ಸಾಂಡ್ರಿಯಾ
7 ಜನವರಿ 1979

ಅಪ್ಪ,

ಸುರುಳಿಗಳನ್ನು ಕಳಚಿ ಸುತ್ತಿ ಹಾಕಿದೆ. ಎಲ್ಲಿಯೂ ಬಿರುಕು ಕಾಣಲಿಲ್ಲ. ಬೆಸುಗೆಗಳು ಗಟ್ಟಿಯಾಗಿದ್ದವು, ಆದರೂ ಹೊಸದಾಗಿ ಹಾಕಿದೆ. ಮೇಜಿನ ಮೇಲಿಟ್ಟು ಬ್ಯಾಟರಿ ಕೊಟ್ಟರೆ ಮೋಟರಿನ ಹಾಗೆ ತಿರುಗುತ್ತದೆ. ಕೈ ಸುಡುವಷ್ಟು ಬಿಸಿಯಾಗುವವರೆಗೂ ತಿರುಗಿಸಿದೆ, ನಿಲ್ಲಲಿಲ್ಲ. ಗಾಡಿಗೆ ಹಾಕಿದೆ, ದಿಕ್ಕು ನೆನಪಿಸಿದೆ, ಮುಳ್ಳು ಬಲಕ್ಕೆ ಹೋಯಿತು. ಗುರುವಾರ ರಾತ್ರಿ ಮತ್ತೆ ತಳ್ಳಿಕೊಂಡು ತಂದರು.

ಹಸನೈನ್ ಹೇಳುತ್ತಾನೆ, “ಹಗಲಲ್ಲಿ ಹೋಗಿ ಹಗಲಲ್ಲೇ ವಾಪಸ್ ಬರೋಣ. ದೀಪ ಯಾಕೆ ಬೇಕು? ಬ್ಯಾಟರಿ ತುಂಬ್ಸಿದ್ರೆ ಅಷ್ಟು ದೂರಕ್ಕೆ ಸಾಕು.” ನಾನು ಅಪ್ಪನನ್ನು ಕೇಳದೆ ಬೇಡ ಎಂದೆ. ಅವನು ನಕ್ಕು, “ನಿಮ್ಮಪ್ಪ ನಿಮ್ಮಮ್ಮನ ಮೇಲೆ ಆಣೆ ಇಟ್ರು, ನೀನು ನನ್ನ ಗಾಡಿ ಮೇಲೆ ಇಡು,” ಎಂದ. ಅವನೊಡನೆ ಎರಡು ದಿನ ಮಾತಾಡಲಿಲ್ಲ.

ನಾನು ಕೇಳುತ್ತಿದ್ದೇನೆ. ಹೂಂ ಎನ್ನಿ, ನಾಳೆಯೇ ಹೊರಡುತ್ತೇನೆ.

ವಿದಾದ್


ತಾಂತಾ
18 ಜನವರಿ 1979

ವಿದಾದ್,

ನಿನ್ನ ಗಂಡ ತುತ್ತೂರಿಯ ವಿಷಯದಲ್ಲಿ ಮಾತಾಡಲಿ. ತುಂಬಿದ ಬ್ಯಾಟರಿಯ ಮೇಲೆ ಹಗಲಲ್ಲಿ ಬರಬಹುದು, ಅದು ನನಗೂ ಗೊತ್ತು. ಆದರೆ ಈ ತಿಂಗಳ ಮಂಜಿನಲ್ಲಿ ಮಧ್ಯಾಹ್ನದವರೆಗೂ ದೀಪ ಹಚ್ಚಬೇಕು. ಅದಿರಲಿ, ನಿನ್ನ ಅಮ್ಮನನ್ನು ಕೂರಿಸಿಕೊಂಡ ಮೇಲೆ ಕಾಲುವೆಯ ದಂಡೆಯಲ್ಲಿ ಎಂಜಿನ್ ನಿಂತು ಮತ್ತೆ ಶುರುವಾಗದಿದ್ದರೆ? ಹೊದಿಕೆಯಿಲ್ಲದ ಗಾಡಿಯಲ್ಲಿ, ಚಳಿಗಾಳಿಯಲ್ಲಿ, ಉಸಿರಿಗೆ ತಡಕಾಡುವ ಹೆಂಗಸು. ಅವಳನ್ನು ಕೆಳಗಿಳಿಸುವುದು ಒಂದೇ ಸಲ ಸಾಧ್ಯ. ಆ ಒಂದು ಸಲವನ್ನು ಕೆಟ್ಟ ಡೈನಮೋದ ಕೈಗೆ ನಾನು ಕೊಡುವುದಿಲ್ಲ.

ಕಟ್-ಔಟ್ ಡಬ್ಬಿ ಒಂದೇ ಈಗ ಉಳಿದದ್ದು. ನನ್ನ ಬಳಿ ಇದ್ದ ಒಳ್ಳೆಯದೊಂದನ್ನು ಸರಿಮಾಡಿ ಬಸ್ಸಿಗೆ ಹಾಕಿದ್ದೇನೆ. ಇದನ್ನು ಹಾಕು. ಒಂದು ಇಡೀ ರಾತ್ರಿ ಗಾಡಿ ತನ್ನ ಕೆಲಸ ಮಾಡಲಿ. ಬೆಳಿಗ್ಗೆ ಬ್ಯಾಟರಿ ಬದುಕಿದ್ದರೆ ಆ ಬೆಳಿಗ್ಗೆಯೇ ಹೊರಟು ಬಾ, ನನ್ನನ್ನು ಮತ್ತೆ ಕೇಳಬೇಡ. ಸತ್ತಿದ್ದರೆ ಬರಬೇಡ.

ಫೆಬ್ರವರಿ ಹದಿನಾರು, ಶುಕ್ರವಾರ ಎಂದಿಟ್ಟುಕೋ. ಅಷ್ಟರಲ್ಲಿ ಮಂಜು ಕಡಿಮೆಯಾಗಿರುತ್ತದೆ. ಕುರ್ಚಿ ಹೊರಲು ಉಮ್ಮ್ ರಮದಾನಳ ಗಂಡನಿಗೂ ಅವನ ತಮ್ಮನಿಗೂ ಹೇಳಿದ್ದೇನೆ. ಅವತ್ತು ನಾನು ಅಂಗಡಿಯಲ್ಲಿರುವುದಿಲ್ಲ, ನಮಾಜಿಗೆ ಹೋಗಿ ಅಲ್ಲೇ ಕೂತಿರುತ್ತೇನೆ. ಓಣಿಯ ಬಾಯಿಗೆ ಬರುವ ಮುಂಚೆಯೇ ಹೊದಿಕೆ ಪೂರ್ತಿ ಮಡಚಿರಬೇಕು. ಕಂಬಳಿ ದಪ್ಪನೆಯದೇ ತಾ.

ದಸೂಕಿ


ಅಲೆಕ್ಸಾಂಡ್ರಿಯಾ
16 ಫೆಬ್ರವರಿ 1979, ಶುಕ್ರವಾರ

ಅಪ್ಪ,

ನಿನ್ನೆ ರಾತ್ರಿ ಸತ್ತುಹೋಯಿತು. ನೀವು ಬೇಡ ಎಂದಿದ್ದಿರಿ, ನಾವು ಬರಲಿಲ್ಲ.

ಕಂಬಳಿ ಹಿಂದಿನ ಸೀಟಿನಲ್ಲೇ ಇದೆ. ಬೆಳಿಗ್ಗೆಯಿಂದ ಆ ಗಾಡಿಯ ಪಕ್ಕದಲ್ಲಿ ಕೂತಿದ್ದೇನೆ. ಸುತ್ತಿಗೆ ತಗೊಂಡು ಪುಡಿ ಮಾಡಿಬಿಡಬೇಕು ಅನಿಸುತ್ತಿದೆ. ನನಗೆ ಇನ್ನೇನೂ ತೋಚುತ್ತಿಲ್ಲ. ಅಮ್ಮನಿಗೆ ಏನು ಹೇಳುತ್ತೀರೋ ನೀವೇ ಹೇಳಿ.

ವಿದಾದ್


ತಾಂತಾ
3 ಮಾರ್ಚ್ 1979

ವಿದಾದ್,

ಟೆಲಿಗ್ರಾಂ ನಿನಗೆ ತಲುಪುವಷ್ಟರಲ್ಲಿ ನಿನ್ನ ಅಮ್ಮನನ್ನು ಮಣ್ಣು ಮಾಡಿಯಾಗಿತ್ತು. ಕಾಯಬೇಕೆಂದಿದ್ದೆ. ಬೆಳಿಗ್ಗೆ ಹೋದವಳನ್ನು ಮಧ್ಯಾಹ್ನದ ನಮಾಜಿಗೆ ಮುಂಚೆ ಒಪ್ಪಿಸಬೇಕೆಂದು ಹಿರಿಯರು ಅವಸರ ಮಾಡಿದರು. ಸಂಜೆಯ ರೈಲಿನಲ್ಲಿ ಬಂದೆಯಂತೆ. ಉಮ್ಮ್ ರಮದಾನಳ ಮನೆಯಲ್ಲಿ ಹೆಂಗಸರ ನಡುವೆ ಕೂತಿದ್ದೆಯೆಂದು ಹೇಳಿದರು. ಕರೆಯಲು ಕಳಿಸಿದೆ. ಎದ್ದು ಹೋದಳು ಎಂದರು.

ಆ ಶುಕ್ರವಾರದ ವಿಷಯವನ್ನು ನಾನು ಹೇಳದಿದ್ದರೆ ನಿನಗೆ ಬೇರೆ ಯಾರೋ ಹೇಳುತ್ತಾರೆ. ಅವಳು ನಸುಕಿನಲ್ಲೇ ಎದ್ದು ಆ ಕಪ್ಪು ಉಡುಪು ಹಾಕಿಸಿಕೊಂಡು, ಕಣ್ಣಿಗೆ ಕಾಡಿಗೆ ಹಚ್ಚಿಸಿಕೊಂಡು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಳು. ನಾನು ನಮಾಜು ಮುಗಿಸಿ, ಹೊತ್ತು ಕಳೆದು ಮನೆಗೆ ಬಂದಾಗಲೂ ಹಾಗೇ ಕೂತಿದ್ದಳು. “ರಸ್ತೇಲಿ ಇರ್ತಾರೆ,” ಎಂದಳು. ಸಂಜೆ ದೀಪ ಹಚ್ಚಿದ ಮೇಲೆ, “ಉಡುಪು ತೆಗೀಬೇಡಿ, ನಾಳೆ ಬಂದ್ರೆ ಮತ್ತೆ ಹಾಕೋದು ಕಷ್ಟ,” ಎಂದಳು. ಬುಧವಾರ ಅದರಲ್ಲೇ ಹೋದಳು.

ಅಂಗಡಿ ತೆರೆದಿದ್ದೇನೆ. ತೆರೆಯದಿದ್ದರೆ ಮೇಲೆ ಕೂತಿರಬೇಕು.

ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ಆರ್ಮೇಚರ್ ಹೊಸತು, ಸುರುಳಿ ಹೊಸತು, ಕಟ್-ಔಟ್ ಡಬ್ಬಿ ನನ್ನದು, ಬ್ಯಾಟರಿ ಹೊಸತು. ಹೀಗೆ ಸಾಯುವ ಡೈನಮೋವನ್ನು ನಾನು ಕಂಡಿಲ್ಲ. ಆ ಗಾಡಿಯನ್ನು ಅವನು ಓಡಿಸುವುದು ಎಲ್ಲಿ? ಹೇಗೆ? ಸಮುದ್ರದ ದಂಡೆಯ ಬಾಡಿಗೆ ಎಂದದ್ದು ಬಿಟ್ಟರೆ ನೀನು ಏನೂ ಬರೆದಿಲ್ಲ.

ದಸೂಕಿ


ಅಲೆಕ್ಸಾಂಡ್ರಿಯಾ
12 ಮಾರ್ಚ್ 1979

ಅಪ್ಪ,

ನೀವು ಕೇಳಿದ್ದು ಈಗ. ಅವನ ಹೆಸರನ್ನು ನಿಮ್ಮ ಒಂದು ಕಾಗದದಲ್ಲೂ ಬರೆಯಲಿಲ್ಲ. ನಾನೂ ಅದನ್ನು ಎತ್ತಲಿಲ್ಲ, ಎತ್ತಿದರೆ ಕಾಗದ ನಿಂತುಹೋಗುತ್ತದೆ ಎಂಬ ಭಯ ನನಗೆ.

ಆ ಗಾಡಿ ಮದುವೆಗೆ ಹೋಗುತ್ತದೆ. ಪ್ರತಿ ಗುರುವಾರ ರಾತ್ರಿ. ಹೊದಿಕೆ ಮಡಚಿ, ಹೂ ಕಟ್ಟಿ, ಮದುಮಕ್ಕಳನ್ನು ಹಿಂದೆ ಕೂರಿಸುತ್ತಾರೆ. ಮುಂದೆ ಬ್ಯಾಂಡಿನವರು ಊದುತ್ತಾ ಬಾರಿಸುತ್ತಾ ನಡೆಯುತ್ತಾರೆ, ಗಾಡಿ ಅವರ ಹಿಂದೆ ಕಾಲ್ನಡಿಗೆಯಲ್ಲಿ ತೆವಳುತ್ತದೆ. ಪ್ರತಿ ಅಂಗಡಿಯ ಮುಂದೆ, ಪ್ರತಿ ಕಾಫಿ ಹೋಟೆಲಿನ ಮುಂದೆ ನಿಂತು ಕುಣಿಯುತ್ತಾರೆ. ಮುಂದಿನ ದೀಪಗಳೆಲ್ಲ ಹಚ್ಚಿರಬೇಕು, ಸುತ್ತ ಬಣ್ಣದ ಬಲ್ಬುಗಳ ಸರ ಬೇರೆ. ಹಾರ್ನನ್ನು ತಾಳಕ್ಕೆ ಸರಿಯಾಗಿ ಹೊಡೆಯುತ್ತಲೇ ಇರಬೇಕು, ನಿಲ್ಲಿಸಿದರೆ ಹುಡುಗಿಯ ಕಡೆಯವರಿಗೆ ಅವಮಾನ. ಸಭಾಂಗಣದಿಂದ ಮನೆಗೆ ನಾಲ್ಕು ಬೀದಿಯಿದ್ದರೂ ಮೂರು ಗಂಟೆ ಹಿಡಿಯುತ್ತದೆ. ಉಳಿದ ದಿನ ಗಾಡಿ ಹೆಚ್ಚಾಗಿ ನಿಂತೇ ಇರುತ್ತದೆ.

ತುತ್ತೂರಿಯಿಂದಲೇ ಬಂದ ಜಗಳವಲ್ಲವೇ, ಅದಕ್ಕೇ ಸಮುದ್ರದ ದಂಡೆಯ ಬಾಡಿಗೆ ಎಂದಷ್ಟೇ ಬರೆದೆ. ಇದಕ್ಕೂ ಡೈನಮೋಗೂ ಏನಾದರೂ ಸಂಬಂಧವಿದೆಯೇ?

ವಿದಾದ್


ತಾಂತಾ
20 ಮಾರ್ಚ್ 1979

ವಿದಾದ್,

ನಿನ್ನ ಕಾಗದ ಓದಿ ಅಂಗಡಿಯ ಬಾಗಿಲು ಹಾಕಿದೆ. ಮೂರು ದಿನ ಆಯಿತು, ಇನ್ನೂ ತೆರೆದಿಲ್ಲ.

ಡೈನಮೋಗೆ ಏನೂ ಆಗಿರಲಿಲ್ಲ. ಅಕ್ಟೋಬರಿನಲ್ಲಿ ಆರ್ಮೇಚರ್ ಸುಟ್ಟಿದ್ದು ನಿಜ, ಅದನ್ನು ಸುತ್ತಿಕೊಟ್ಟೆ. ಅಲ್ಲಿಗೆ ಕೆಲಸ ಮುಗಿದಿತ್ತು. ಆ ಕಾಲದ ಡೈನಮೋ ವೇಗದಲ್ಲಿ ತಿರುಗಿದರೆ ಮಾತ್ರ ಕರೆಂಟು ಕೊಡುತ್ತದೆ. ಗಾಡಿ ತೆವಳುವಾಗ, ನಿಂತು ಗುರುಗುಡುವಾಗ ಅದು ಬ್ಯಾಟರಿಗಿಂತ ಸೋತಿರುತ್ತದೆ, ಕಟ್-ಔಟ್ ತೆರೆದುಕೊಂಡು ಅದನ್ನು ಬೇರೆಯಾಗಿಡುತ್ತದೆ. ಹಾಗೇ ಆಗಬೇಕು, ಅದು ದೋಷವಲ್ಲ. ಮೂರು ಗಂಟೆ ಅಷ್ಟೂ ದೀಪವನ್ನೂ ಹಾರ್ನನ್ನೂ ಬ್ಯಾಟರಿಯೊಂದೇ ಹೊತ್ತರೆ ಯಾವ ಬ್ಯಾಟರಿ ಉಳಿಯುತ್ತದೆ? ಹೊಸ ಗಾಡಿಯಿಂದ ಅವತ್ತೇ ಇಳಿಸಿದ ಡೈನಮೋ ಇಟ್ಟರೂ ಗುರುವಾರ ರಾತ್ರಿ ಸಾಯುತ್ತಿತ್ತು.

ಹೆದ್ದಾರಿಯಲ್ಲಿ ಸಾಯುತ್ತಿರಲಿಲ್ಲ. ನವೆಂಬರಿನಲ್ಲಿ ಮುಳ್ಳು ಬಲಕ್ಕೆ ಹೋಯಿತೆಂದು ಬರೆದೆಯಲ್ಲ, ಆ ದಿನ ಹೊರಟಿದ್ದರೆ ತಾಂತಾವರೆಗೆ ಅದು ಬಲಕ್ಕೇ ಇರುತ್ತಿತ್ತು. ದೀಪ ಹಚ್ಚಿಕೊಂಡು ಮಧ್ಯರಾತ್ರಿ ಬಂದಿದ್ದರೂ ಸರಿಯೇ. ಡಿಸೆಂಬರಿನಲ್ಲಿ ಬರಬಹುದಿತ್ತು, ಜನವರಿಯಲ್ಲಿ ಬರಬಹುದಿತ್ತು. ಆ ಶುಕ್ರವಾರ ಬ್ಯಾಟರಿ ತುಂಬಿಸಿಕೊಂಡು ಮಧ್ಯಾಹ್ನ ಹೊರಟಿದ್ದರೂ ಅವಳು ಕುರ್ಚಿಯಲ್ಲಿ ಕೂತೇ ಇದ್ದಳು. ನಾನು ಬೇಡ ಎಂದೆ. ರಾತ್ರಿಯ ಕೆಲಸ ಪಾಸಾದರೆ ಬಾ ಎಂದೆ. ನಲವತ್ತು ವರ್ಷ ಈ ಕೆಲಸ ಮಾಡಿದವನು, ಗಾಡಿ ಎಷ್ಟು ಜೋರಾಗಿ ಓಡುತ್ತದೆ ಎಂದು ಕೇಳಲಿಲ್ಲ. ಅಂಗಡಿಗೆ ಬರುವ ಯಾವ ಡ್ರೈವರನ್ನೂ ನಾನು ಮೊದಲು ಕೇಳುವ ಮಾತು ಅದು. ನಿನ್ನನ್ನು ಕೇಳಿದರೆ ಅವನ ಸುದ್ದಿ ಬರುತ್ತದಲ್ಲ ಎಂದು ಕೇಳಲಿಲ್ಲ.

ಹಸನೈನ್ ಹೇಳಿದ್ದು ಸರಿಯಿತ್ತು. ಅವನಿಗೆ ಹೇಳು.

ಆಣೆ ಅವಳ ಮೇಲಿತ್ತು, ಅವಳೊಂದಿಗೆ ಹೋಯಿತು. ಈಗ ಯಾವ ಸೂರೂ ಅಡ್ಡಿಯಿಲ್ಲ. ಮೂರನೇ ಮಹಡಿಯ ಬಾಗಿಲಿಗೆ ಬೀಗ ಹಾಕುತ್ತಿಲ್ಲ. ಬಾ ಮಗಳೇ, ಗಾಡಿಯಲ್ಲೇ ಬಾ. ಅವನನ್ನೂ ಕರೆದುಕೊಂಡು ಬಾ.

ನಿನ್ನ ಅಪ್ಪ,
ದಸೂಕಿ


ಅಲೆಕ್ಸಾಂಡ್ರಿಯಾ
8 ಏಪ್ರಿಲ್ 1979

ಅಪ್ಪ,

ಮೊನ್ನೆ ಶುಕ್ರವಾರ ಬಂದಿದ್ದೆವು. ಬೆಳಿಗ್ಗೆ ಚಹಾ ಕುಡಿದು ಹೊರಟೆವು. ಊರು ದಾಟಿದ ಮೇಲೆ ಹಸನೈನ್ ಜೋರಾಗಿ ಓಡಿಸಿದ. ಮುಳ್ಳು ಬಲಕ್ಕೆ ವಾಲಿ ಅಲ್ಲೇ ನಿಂತಿತು. ದೀಪ ಹಚ್ಚು ಎಂದೆ, ಹಚ್ಚಿದ. ಹಾರ್ನ್ ಹೊಡಿ ಎಂದೆ, ಹೊಡೆದ. ಮುಳ್ಳು ಸ್ವಲ್ಪ ನಡುಗಿತು ಅಷ್ಟೇ. ದಮನ್‌ಹೂರ್ ಬಂತು, ಹೋಯಿತು. ಎಲ್ಲಾದರೂ ಒಂದು ಕಡೆ ಕೆಟ್ಟು ನಿಲ್ಲಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಒಂದು ಸಲ ನಿಂತಿದ್ದರೂ ನಿಮ್ಮ ಮಾತು ನಿಜವಾಗುತ್ತಿತ್ತು, ನನಗೂ ನಿದ್ದೆ ಬರುತ್ತಿತ್ತು. ಅದು ನಿಲ್ಲಲಿಲ್ಲ.

ಮೊದಲು ಸ್ಮಶಾನಕ್ಕೆ ಹೋದೆವು. ಹಸನೈನ್ ಪ್ರಾರ್ಥನೆ ಓದಿದ. ನನಗೆ ಅಮ್ಮನೊಡನೆ ಮಾತಾಡುವುದು ಬೇಕಾದಷ್ಟಿತ್ತು. “ಗಾಡಿ ಚೆನ್ನಾಗಿ ಓಡ್ತಿದೆ ಅಮ್ಮ,” ಎಂದೆ.

ಆಮೇಲೆ ನಮ್ಮ ಓಣಿಯ ಬಾಯಿಗೆ ಬಂದೆವು. ಎಂಜಿನ್ ನಿಲ್ಲಿಸಲಿಲ್ಲ. ಅಂಗಡಿ ತೆರೆದಿತ್ತು. ನೀವು ಬೆಂಚಿನ ಮೇಲೆ ಬಗ್ಗಿ ಕೂತಿದ್ದಿರಿ, ಬೆನ್ನು ಮೊದಲಿಗಿಂತ ಬಾಗಿದೆ. ಹಸನೈನ್ ಇಳಿದು ನನ್ನ ಕಡೆಯ ಬಾಗಿಲು ತೆರೆದು ಹಿಡಿದ. “ಹೋಗೇ, ಕಾಯ್ತಾ ಇದ್ದಾರೆ,” ಎಂದ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎಂದು ನಾನು ಅಂದುಕೊಂಡಿದ್ದೆ. ಅಷ್ಟು ದೂರ ಬಂದದ್ದೂ ಇಳಿದು ಬರಬೇಕೆಂದೇ. ಕಾಲು ನೆಲಕ್ಕೆ ಇಡಲು ಆಗಲಿಲ್ಲ, ಅಪ್ಪ. ಮೆಟ್ಟಿಲು ಹತ್ತಿ ಆ ಕಿಟಕಿಯ ಪಕ್ಕದ ಕುರ್ಚಿಯನ್ನು ನೋಡಬೇಕು, ಅದರ ಎದುರಿಗೆ ನಿಮ್ಮೊಡನೆ ಕೂತು ಚಹಾ ಕುಡಿಯಬೇಕು. ಅವಳು ಸತ್ತದ್ದರಿಂದ ತೆರೆದ ಬಾಗಿಲಿನಲ್ಲಿ ನಾನು ಹೇಗೆ ಒಳಗೆ ಬರಲಿ?

ಎಂಜಿನ್ನಿನ ಸದ್ದಿಗೆ ನೀವು ತಲೆ ಎತ್ತಿದಿರಿ. ಕನ್ನಡಕ ಹಣೆಗೇರಿಸಿ, ಕೈ ಒರೆಸಿಕೊಳ್ಳುತ್ತಾ ಎದ್ದು ಹೊರಗೆ ಬಂದಿರಿ. ಗಾಡಿ ತಿರುಗಿಸು ಎಂದೆ. ಹಸನೈನ್ ನನ್ನ ಕಡೆಯ ಬಾಗಿಲು ಮುಚ್ಚಿ, ಮತ್ತೆ ಹತ್ತಿ ಕೂತು ತಿರುಗಿಸಿದ.

ಎಲ್ಲಿಯೂ ನಿಲ್ಲಲಿಲ್ಲ. ಬೆಳಕಿರುವಾಗಲೇ ಮನೆ ಸೇರಿದೆವು.

ವಿದಾದ್